ಮೂವತ್ತೇಳನೇ ಪುಟದ ಮುದ್ರೆ

“ಇವಳ ಡೆಸ್ಕಿನೊಳಗೇ ಸಿಕ್ಕಿದೆ. ಇನ್ನೂ ಯಾವ ಸಾಕ್ಷಿ ಬೇಕು ನಿಮಗೆ?” ಎಂದು ಹೆಡ್‌ಮಿಸ್ ಪುಸ್ತಕವನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು.

ತೆಳ್ಳನೆಯ ಪುಸ್ತಕ. ಬೂದು ರಟ್ಟು, ಬೆನ್ನಿಗೆ ಕಪ್ಪು ಬಟ್ಟೆ, ಮೇಲೆ ಮಾಸಿದ ಅಕ್ಷರಗಳಲ್ಲಿ ‘ಸೇತುವೆ ಕಾವಲುಗಾರನ ದಿನಚರಿ’. ಒಂಬತ್ತು ದಿನದ ಹಿಂದೆ ಊರಿನ ಲೈಬ್ರರಿಯ ಬೀಗದ ಬೀರುವಿನಿಂದ ಮಾಯವಾಗಿದ್ದ ಪುಸ್ತಕ ಈಗ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಶಾಲೆಯ ಆಫೀಸಿನಲ್ಲಿ ಹಾಜರಿ ಪುಸ್ತಕಕ್ಕೂ ಸೀಮೆಸುಣ್ಣದ ಡಬ್ಬಕ್ಕೂ ನಡುವೆ ಏನೂ ಅರಿಯದಂತೆ ಬಿದ್ದುಕೊಂಡಿತ್ತು.

ಗಪ್‌ಚಿಪ್ ಅಜ್ಜಿ ಪುಸ್ತಕ ಮುಟ್ಟಲಿಲ್ಲ. ಮೊದಲು ಗೋಡೆಗೆ ಒತ್ತಿಕೊಂಡು ನಿಂತಿದ್ದ ಹುಡುಗಿಯನ್ನು ನೋಡಿದಳು. ಹತ್ತನೇ ಕ್ಲಾಸು, ದರ್ಜಿಯ ಮಗಳು. ಅಳುತ್ತಿರಲಿಲ್ಲ. ಕದ್ದವರು ಇಷ್ಟು ಹೊತ್ತಿಗೆ ಅತ್ತು ಮುಗಿಸಿರುತ್ತಾರೆ ಎಂಬುದು ಅಜ್ಜಿಯ ಅನುಭವ. ಅನುಭವವನ್ನು ಯಾವ ಕಮಿಟಿಯೂ ಸಾಕ್ಷಿ ಅಂತ ಬರೆದುಕೊಳ್ಳುವುದಿಲ್ಲ, ಅಷ್ಟೇ ತೊಂದರೆ.

ಮೂವತ್ತಾರು ವರ್ಷ ಲೈಬ್ರರಿಯಲ್ಲಿ ಕೂತು ಮೂರು ತಲೆಮಾರಿನ ಮಕ್ಕಳಿಗೆ “ಗಪ್‌ಚಿಪ್” ಎನ್ನುತ್ತ ಬಂದದ್ದಕ್ಕೆ ಊರು ಕೊಟ್ಟ ಬಿರುದು ಅದು. ನಿಜವಾದ ಹೆಸರು ಈಗ ಮತದಾರರ ಪಟ್ಟಿಗೆ ಬಿಟ್ಟರೆ ಯಾರಿಗೂ ಬೇಕಾಗಿಲ್ಲ. ಕೆಲಸದಲ್ಲಿದ್ದಾಗ ಕಳೆದುಹೋದ ಪುಸ್ತಕ ಹುಡುಕುತ್ತಿದ್ದಳು. ನಿವೃತ್ತಿಯಾದ ಆರು ವರ್ಷದಿಂದ ಊರಿನವರು ಕಳೆದುಕೊಂಡದ್ದನ್ನೆಲ್ಲ ಹುಡುಕಿ ಕೊಡುತ್ತಿದ್ದಳು. ಈ ಸಲ ಹುಡುಗಿಯ ತಾಯಿ ಬಂದು, ಕೈ ಹಿಡಿದುಕೊಂಡು, ಕಳೆದುಹೋಗುತ್ತಿರುವ ಮಾನವನ್ನು ಉಳಿಸಿಕೊಡಿ ಎಂದು ಕೇಳಿಕೊಂಡಿದ್ದಳು.

“ನಾಲ್ಕು ಗಂಟೆಗೆ ಸ್ಪರ್ಧೆಯ ಕಮಿಟಿ ನಮ್ಮ ಹಾಲಲ್ಲೇ ಸೇರುತ್ತೆ,” ಎಂದರು ಹೆಡ್‌ಮಿಸ್. “ಇವಳ ಪ್ರಬಂಧ ವಜಾ. ಶಾಲೆಯಿಂದಲೂ ಹೆಸರು ತೆಗೀತೀನಿ. ಕಾರಣ ಅನ್ನೋ ಜಾಗದಲ್ಲಿ ಕಳ್ಳತನ ಅಂತ ಬರೀಲೇಬೇಕಾಗುತ್ತೆ. ನನಗೇನು ಖುಷಿನಾ?”

ಹಾಗೆ ಬರೆದ ಕಾಗದ ಹಿಡಿದು ಹೋದರೆ ಯಾವ ಶಾಲೆಯವರೂ ಗೇಟು ತೆಗೆಯುವುದಿಲ್ಲ. ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಹುಡುಗಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಸ್ಪರ್ಧೆಯ ವಿಷಯ ‘ನಮ್ಮೂರಿನ ಚರಿತ್ರೆ ಮತ್ತು ಸ್ವಾತಂತ್ರ್ಯದ ಬೇರುಗಳು’. ಐವತ್ಮೂರು ಮಕ್ಕಳು ಬರೆದಿದ್ದರು. ಅದರಲ್ಲಿ ಐವತ್ತೆರಡು ಮಕ್ಕಳು ಬರೆದದ್ದು ಚೌಕದಲ್ಲಿ ಕಂಚಾಗಿ ನಿಂತಿರುವ ವಕೀಲರ ಬಗ್ಗೆ. ಪರದೇಶದವರು ಆಳುತ್ತಿದ್ದ ಕಾಲದಲ್ಲಿ ಹೊತ್ತು ಮುಳುಗಿದ ಮೇಲೆ ಸೇತುವೆ ದಾಟಲು ಅವರ ಅಪ್ಪಣೆಯ ಚೀಟಿ ಬೇಕಿತ್ತು. ವಕೀಲರು ಸೇತುವೆಯ ಮೇಲೆ ನಿಂತು ಆ ಚೀಟಿಯನ್ನು ಹರಿದು ಹೊಳೆಗೆ ಎಸೆದರು, ಊರು ಎದ್ದು ನಿಂತಿತು. ಪಾಠದ ಪುಸ್ತಕದಲ್ಲಿರುವುದು ಇಷ್ಟು.

ದರ್ಜಿಯ ಮಗಳು ಬೇರೆಯೇ ಬರೆದಿದ್ದಳು. ವಕೀಲರಿಗಿಂತ ಹನ್ನೊಂದು ದಿನ ಮುಂಚೆ, ಬಟ್ಟೆ ಒಗೆಯುವ ಒಬ್ಬ ಹೆಂಗಸು ಚೀಟಿ ಇಲ್ಲದೆ ಸೇತುವೆಗೆ ಬಂದಿದ್ದಳು. ಕಾವಲುಗಾರ ತಡೆದ. “ನನ್ನ ಮನೆಗೆ ನಾನು ಹೋಗೋಕೆ ಯಾರ ಅಪ್ಪಣೆ?” ಎಂದು ಅವಳು ಕೇಳಿದಳು. ಕಾವಲುಗಾರ ಆ ರಾತ್ರಿ ದಿನಚರಿಯಲ್ಲಿ ಬರೆದುಕೊಂಡ: ಉತ್ತರ ಹೊಳೆಯಲಿಲ್ಲ, ಅಡ್ಡಗಂಬ ಎತ್ತಿದೆ. ಆ ಪುಟದ ಜೆರಾಕ್ಸನ್ನು ಹುಡುಗಿ ಪ್ರಬಂಧಕ್ಕೆ ಲಗತ್ತಿಸಿದ್ದಳು. ಬೀಗದೊಳಗಿರುವ ಪುಸ್ತಕದ ಪುಟ ಇವಳಿಗೆಲ್ಲಿಂದ ಬಂತು ಎಂಬಲ್ಲಿಂದ ಶುರುವಾದದ್ದು ಇಷ್ಟೆಲ್ಲ.

“ನಮ್ಮದೇ ಪುಸ್ತಕ ಮೇಡಂ,” ಎಂದಳು ಕಿಟಕಿಯ ಬಳಿ ನಿಂತಿದ್ದ ಲೈಬ್ರೇರಿಯನ್. ಅಜ್ಜಿಯ ಕೈಕೆಳಗೆ ಹತ್ತು ವರ್ಷ ಪಳಗಿ, ಈಗ ಅವಳದೇ ಕುರ್ಚಿಯಲ್ಲಿ ಕೂತವಳು. “ಒಂಬತ್ತು ದಿನ ಆದ್ಮೇಲೆ ಇವತ್ತು ಈ ಮೇಜಿನ ಮೇಲೇ ಕಣ್ಣಿಗೆ ಬಿದ್ದಿದ್ದು. ಮೊದಲನೇ ಹಾಳೆ, ಕೊನೇ ಹಾಳೆ ಎರಡೂ ಹರಿದಿದಾರೆ. ಆದ್ರೆ ಇದನ್ನ ಬಿಟ್ಟಿದಾರೆ, ನೋಡಿ.”

ಅವಳು ಪುಸ್ತಕ ಎತ್ತಿ, ಹೆಡ್‌ಮಿಸ್‌ಗೆ ಪುಟದ ಸಂಖ್ಯೆ ಕಾಣದಂತೆ ಹೆಬ್ಬೆರಳು ಅಡ್ಡ ಇಟ್ಟು, ಅಜ್ಜಿಯ ಮುಂದೆ ಹಿಡಿದಳು. ಮೂವತ್ತೇಳನೇ ಪುಟದ ಕೆಳಮೂಲೆಯಲ್ಲಿ ನೇರಳೆ ಬಣ್ಣದ ದುಂಡು ಮುದ್ರೆ ಇತ್ತು.

ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಲೈಬ್ರರಿಯ ಪುಸ್ತಕ ಕದ್ದವರು ಮೊದಲ ಪುಟದ ಮುದ್ರೆ ಹರಿಯುತ್ತಾರೆ, ಕೊನೆಯದನ್ನೂ ಹರಿಯುತ್ತಾರೆ. ಅದಕ್ಕೇ ಎಲ್ಲ ಪುಸ್ತಕಗಳಲ್ಲೂ ಒಳಗಿನ ಒಂದೇ ಸಂಖ್ಯೆಯ ಪುಟದಲ್ಲಿ ಇನ್ನೊಂದು ಮುದ್ರೆ ಒತ್ತಿರುತ್ತಾರೆ. ಅದು ಗುಟ್ಟಿನ ಪುಟ. ಅದರ ಸಂಖ್ಯೆಯನ್ನು ಎಲ್ಲಿಯೂ ಬರೆಯುವುದಿಲ್ಲ. ಹಳಬರು ಕುರ್ಚಿ ಬಿಡುವ ದಿನ ಹೊಸಬರ ಕಿವಿಯಲ್ಲಿ ಹೇಳಿ ಹೋಗುತ್ತಾರೆ.

“ನೋಡಿದೆ,” ಎಂದಳು ಅಜ್ಜಿ. ಪುಸ್ತಕವನ್ನು ಕೈಗೆ ತೆಗೆದುಕೊಂಡು, ಸುಮ್ಮನೆ ತಿರುವಿ ಹಾಕಿದವಳಂತೆ ಹಾಳೆಗಳನ್ನು ಹಿಂದಕ್ಕೆ ಬಿಟ್ಟಳು. ಇಪ್ಪತ್ತೊಂದನೇ ಪುಟದಲ್ಲಿ ಬೆರಳು ಒಂದು ಕ್ಷಣ ನಿಂತಿತು. ಪುಟ ಖಾಲಿ ಇತ್ತು.

ಅಜ್ಜಿ ಪುಸ್ತಕ ಮುಚ್ಚಿದಳು.

ಮೂವತ್ತೇಳು ಅಜ್ಜಿ ಆರಿಸಿಕೊಂಡ ಸಂಖ್ಯೆ. ಅವಳು ಲೈಬ್ರೇರಿಯನ್ ಆದ ಮೇಲೆ ಬಂದ ಪುಸ್ತಕಗಳಿಗೆ ಮಾತ್ರ ಅದು. ಅದಕ್ಕೆ ಮುಂಚಿನವಕ್ಕೆಲ್ಲ ಹಿಂದಿನ ಲೈಬ್ರೇರಿಯನ್ನರ ಸಂಖ್ಯೆ, ಇಪ್ಪತ್ತೊಂದು. ಈ ದಿನಚರಿ ಲೈಬ್ರರಿಗೆ ಬಂದದ್ದು ಅಜ್ಜಿ ಅಲ್ಲಿ ಕಾಲಿಡುವುದಕ್ಕೂ ಮೊದಲು. ಅಂದರೆ ಕೈಯಲ್ಲಿರುವುದು ಲೈಬ್ರರಿಯ ಪ್ರತಿಯೇ ಅಲ್ಲ. ಯಾರೋ ಇನ್ನೊಂದು ಪ್ರತಿ ತಂದು, ಕಳ್ಳರು ಹರಿದ ಹಾಗೆ ಹಾಳೆ ಹರಿದು, ಮುದ್ರೆ ಒತ್ತಿದ್ದಾರೆ. ಒತ್ತಿದವರಿಗೆ ಮೂವತ್ತೇಳು ಗೊತ್ತಿತ್ತು, ಇಪ್ಪತ್ತೊಂದು ಗೊತ್ತಿರಲಿಲ್ಲ.

ಮೂವತ್ತೇಳು ಗೊತ್ತಿದ್ದವರು ಊರಿಗೆಲ್ಲ ಇಬ್ಬರೇ. ಒಬ್ಬಳು ಈಗಿನ ಲೈಬ್ರೇರಿಯನ್. ಇನ್ನೊಬ್ಬಳು ಅಜ್ಜಿ.

“ಡೆಸ್ಕು ನೋಡಿ ಅಂತ ನಿಮಗೆ ಹೇಳಿದ್ದು ಯಾರು?” ಎಂದು ಹೆಡ್‌ಮಿಸ್‌ರನ್ನು ಕೇಳಿದಳು.

“ಯಾರೂ ಹೇಳ್ಲಿಲ್ಲ. ಇವತ್ತು ಕಮಿಟಿ ಬರುತ್ತಲ್ಲ, ಎಲ್ಲ ಕ್ಲಾಸೂ ಗುಡಿಸಿದ್ರು. ನಿನ್ನೆ ಸಂಜೆ ಹಾಲಿನ ವ್ಯವಸ್ಥೆ ನೋಡೋಕೆ ಡಾಕ್ಟ್ರೂ ಇವರೂ ಬಂದಿದ್ರು, ಅವಾಗ್ಲೇ ಗುಡಿಸಬೇಕಿತ್ತು. ಆಯಾ ರಜ ಹಾಕಿದ್ಲು.”

ಡಾಕ್ಟರು ಎಂದರೆ ಹಲ್ಲಿನ ಡಾಕ್ಟರು, ಸ್ಪರ್ಧೆಯ ಕಮಿಟಿಯ ಅಧ್ಯಕ್ಷರು, ಚೌಕದಲ್ಲಿ ನಿಂತಿರುವ ಕಂಚಿನ ವಕೀಲರ ಮೊಮ್ಮಗ. ಇವರು ಎಂದರೆ ಲೈಬ್ರೇರಿಯನ್. ಅಜ್ಜಿ ಎರಡನ್ನೂ ಮನಸ್ಸಿನಲ್ಲಿ ಗಂಟು ಹಾಕಿಕೊಂಡು, ನಾಲ್ಕರವರೆಗೆ ಪುಸ್ತಕವನ್ನು ಹೆಡ್‌ಮಿಸ್‌ರ ಬೀರುವಿನಲ್ಲೇ ಇಡಿಸಿ, ಹುಡುಗಿಯನ್ನು ವರಾಂಡಕ್ಕೆ ಕರೆದುಕೊಂಡು ಬಂದಳು.

“ನೀನು ಓದಿದ್ದು ಇದೇನಾ?”

ಹುಡುಗಿ ಚಪ್ಪಲಿಯ ತುದಿ ನೋಡಿಕೊಂಡಳು. “ಒಳಗೆ ಇದೇ ಅಜ್ಜಿ. ನಾನು ಜೆರಾಕ್ಸ್ ಮಾಡಿಸಿದ ಪುಟದಲ್ಲಿ ಟೀ ಕಲೆ ಇದೆ, ಇದರಲ್ಲೂ ಅದೇ ಜಾಗದಲ್ಲಿದೆ. ಆದ್ರೆ ಬೆನ್ನು ಬೇರೆ. ನಾನು ಓದಿದ್ದಕ್ಕೆ ಕೆಂಪು ಬಟ್ಟೆ ಇತ್ತು. ಮುದ್ರೆ ಎಲ್ಲೂ ಇರ್ಲಿಲ್ಲ. ಈಗ ಹೊಸಾ ಗೋಂದಿನ ವಾಸನೆ ಬರ್ತಿದೆ. ನಿಮಗೆ ಬರ್ಲಿಲ್ವಾ?”

ಅಷ್ಟು ಹೇಳಿದ ಮೇಲೆ ಬಾಯಿ ಜಾರಿತು ಅನ್ನಿಸಿತೋ ಏನೋ, ತುಟಿ ಕಚ್ಚಿಕೊಂಡಳು.

ಅಜ್ಜಿಗೆ ಬಂದಿರಲಿಲ್ಲ. ಅವಳ ಮೂಗಿಗೆ ಗೋಂದಿನ ವಾಸನೆ ಒಂದು ವಾಸನೆಯಾಗಿ ಉಳಿದೇ ಇಲ್ಲ. ನಲವತ್ತು ವರ್ಷದಿಂದ ಮನೆಯ ತುಂಬ ಅದೇ.

“ನಿನಗೆ ಕೊಟ್ಟವರು ಯಾರು ಮಗಾ?”

“ಹೇಳಲ್ಲ ಅಂತ ಮಾತು ಕೊಟ್ಟಿದೀನಿ. ಓದಿ ವಾಪಸ್ ಕೊಟ್ಟೆ, ಅಷ್ಟೇ.”

“ನಿನ್ನ ಹೆಸರು ಹೊಡೆದುಹಾಕ್ತಿದಾರೆ. ಅವರು ಬಿಡಿಸೋಕೆ ಬಂದ್ರಾ?”

“ಬರ್ತಾರೆ,” ಎಂದಳು ಹುಡುಗಿ. “ಅವರು ಒಳ್ಳೆಯವರು ಅಜ್ಜಿ.” ಆಮೇಲೆ ಅಜ್ಜಿಯ ಮುಖವನ್ನು ಒಂದು ಬಗೆಯಲ್ಲಿ ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿಬಿಟ್ಟಳು. ಆ ನೋಟ ಅಜ್ಜಿಗೆ ಸ್ವಲ್ಪವೂ ಹಿಡಿಸಲಿಲ್ಲ.

*

ಮಧ್ಯಾಹ್ನ ಒಂದು ಗಂಟೆಗೆ ಲೈಬ್ರರಿ ಊಟದ ಬಿಡುವಿಗೆ ಬಾಗಿಲು ಹಾಕುತ್ತದೆ. ಒಳಗೆ ಓದುಗರಿಲ್ಲ, ಫ್ಯಾನುಗಳೂ ತಿರುಗುತ್ತಿರಲಿಲ್ಲ. ಲೈಬ್ರೇರಿಯನ್ ಡಬ್ಬಿ ಬಿಚ್ಚಿ ಕೂತಿದ್ದಳು, ತಿನ್ನುತ್ತಿರಲಿಲ್ಲ. ಅಜ್ಜಿ ಹಳೆಯ ಕಪಾಟಿನಿಂದ ಐದು ಪುಸ್ತಕ ಇಳಿಸಿ ತಂದು ಒಂದೊಂದನ್ನೇ ಇಪ್ಪತ್ತೊಂದನೇ ಪುಟಕ್ಕೆ ತೆರೆದು ಅವಳ ಮುಂದೆ ಇಟ್ಟಳು. ಐದರಲ್ಲೂ ಮುದ್ರೆ ಇತ್ತು.

“ಕುರ್ಚಿ ಬಿಡೋ ದಿನ ನಿನಗೆ ಎರಡು ಸಂಖ್ಯೆ ಹೇಳಿದ್ದೆ. ಮರೆತ್ಯಾ?”

“ಮರೀಲಿಲ್ಲ ಮೇಡಂ.” ಅವಳು ಡಬ್ಬಿಯ ಮುಚ್ಚಳ ಹಾಕಿದಳು. “ಬೆಳಿಗ್ಗೆ ಮೊದಲು ನೋಡಿದ್ದೇ ಇಪ್ಪತ್ತೊಂದು. ಖಾಲಿ ಇತ್ತು. ಆಮೇಲೆ ಮೂವತ್ತೇಳು ನೋಡ್ದೆ, ಮುದ್ರೆ ಇತ್ತು. ಕೈಕಾಲು ತಣ್ಣಗಾಯ್ತು.”

“ಗೊತ್ತಿದ್ದೂ ಹೆಡ್‌ಮಿಸ್ ಹತ್ರ ನಮ್ಮದೇ ಪುಸ್ತಕ ಅಂದೆ?”

“ಇನ್ನೇನು ಅನ್ಬೇಕಿತ್ತು?” ಅವಳ ದನಿ ಇದ್ದಕ್ಕಿದ್ದಂತೆ ಗಟ್ಟಿಯಾಯಿತು. “ಮುದ್ರೆಯ ಅಂಚು ನೋಡಿದ್ರಾ? ಎಡಗಡೆ ಒಂಚೂರು ಮುರಿದಿದೆ. ನಮ್ಮ ಈಗಿನ ಮುದ್ರೆ ಹೊಸದು. ಅಂಚು ಮುರಿದಿದ್ದು ಹಳೇದು. ಬೀಳ್ಕೊಡುಗೆ ದಿನ ನೆನಪಿಗೆ ಅಂತ ನಾವೇ ನಿಮ್ಮ ಕೈಗೆ ಕೊಟ್ವಿ. ನಿಮ್ಮನೆ ಶೋಕೇಸಲ್ಲಿದೆ.”

ಅಂಚನ್ನು ಅಜ್ಜಿಯೂ ನೋಡಿದ್ದಳು. ಮೂವತ್ತು ವರ್ಷ ತಾನೇ ಒತ್ತಿದ ಮುದ್ರೆ. ಸ್ವಂತ ಕೈಬರಹದಂತೆ ಅಭ್ಯಾಸವಾಗಿ, ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

“ಸಂಖ್ಯೆ ಇಬ್ಬರಿಗೇ ಗೊತ್ತು,” ಎಂದಳು ಲೈಬ್ರೇರಿಯನ್, ಈ ಸಲ ಮೆಲ್ಲಗೆ. “ನಾನು ಒತ್ತಿಲ್ಲ. ಮುದ್ರೆ ನಿಮ್ಮನೇಲಿದೆ. ನಾನೇನು ತಿಳ್ಕೊಳ್ಳಿ ಮೇಡಂ? ನಿಮ್ಮ ಮರ್ಯಾದೆ ಉಳೀಲಿ ಅಂತ ಬಾಯಿ ಮುಚ್ಕೊಂಡೆ.”

ಕೆಲಸ ಕಲಿಸಿದ ಹುಡುಗಿಯಿಂದ ಇಂಥ ದಾಕ್ಷಿಣ್ಯ ಪಡೆಯುವ ದಿನ ಬರುತ್ತದೆಂದು ಅಜ್ಜಿ ಅಂದುಕೊಂಡಿರಲಿಲ್ಲ. ಅವಮಾನವಾಯಿತು. ಅದರ ಹಿಂದೆಯೇ ಇನ್ನೊಂದು ಸಂಶಯ ಬಂತು, ಅದನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದಳು. ಅವಳ ಮನೆಯಲ್ಲಿ ಇರುವುದು ಅವಳೊಬ್ಬಳೇ ಅಲ್ಲ.

ಇಪ್ಪತ್ತು ವರ್ಷದ ಹಿಂದೆ ಮೆಟ್ಟಿಲು ಜಾರಿ ಬಲಗೈ ಮುರಿದಿತ್ತು. ಮುನ್ನೂರು ಹೊಸ ಪುಸ್ತಕಗಳನ್ನು ಮನೆಗೇ ತರಿಸಿಕೊಂಡಿದ್ದಳು. ಮೂರು ವಾರ ಕೂತು ಅವಕ್ಕೆಲ್ಲ ಮುದ್ರೆ ಒತ್ತಿದ್ದು ಅವಳಲ್ಲ.

ಬೇಡ ಎಂದುಕೊಂಡಳು. ಕಾರಣ ಇರುವವರು ಬೇರೆ ಇದ್ದಾರೆ. ಅಜ್ಜನ ಕಂಚಿಗೆ ಕಿಲುಬು ಹಿಡಿದರೆ ಉರಿಯುವುದು ಯಾರಿಗೆ? ನಿನ್ನೆ ಸಂಜೆ ಶಾಲೆಯಲ್ಲಿದ್ದವರು ಯಾರು? ಅಜ್ಜಿ ಕೊಡೆ ತೆಗೆದುಕೊಂಡು ಬಿಸಿಲಿಗೆ ಇಳಿದಳು. ಡಾಕ್ಟರೇ ಕಳ್ಳರಾಗಿರಲಿ ಎಂದು ದಾರಿಯುದ್ದಕ್ಕೂ ಆಸೆಪಡುತ್ತಿರುವುದು ಅವಳಿಗೇ ಗೊತ್ತಾಗುತ್ತಿತ್ತು.

*

“ಯಾವ ಹಲ್ಲು?” ಎಂದರು ಡಾಕ್ಟರು.

“ಹಲ್ಲೆಲ್ಲ ನೆಟ್ಟಗಿವೆ. ಮಾತಾಡೋದಿದೆ.”

“ಹೊರಗೆ ನಾಲ್ಕು ಜನ ಕೂತಿದಾರೆ ಮೇಡಂ. ಮಾತಿಗೆ ಅಂತ ಒಳಗೆ ಬಿಟ್ರೆ ಗಲಾಟೆ ಮಾಡ್ತಾರೆ. ಕುರ್ಚಿ ಮೇಲೆ ಮಲಗಿ, ಬಾಯಿ ತೆರೀರಿ. ಇಬ್ಬರ ಕೆಲಸಾನೂ ಆಗ್ಲಿ.”

ಅಜ್ಜಿ ಕುರ್ಚಿಗೆ ಒರಗಿದಳು. ಕುರ್ಚಿ ಗುಂಯ್ ಎಂದು ಹಿಂದಕ್ಕೆ ಬಾಗಿ ಅವಳನ್ನು ಚಾವಣಿ ನೋಡುವಂತೆ ಮಾಡಿತು. ವಿಚಾರಣೆ ಮಾಡಲು ಬಂದವಳು ಮಲಗಿಕೊಂಡು, ಕಣ್ಣಿಗೆ ದೀಪ ಹೊಡೆಸಿಕೊಂಡು ಪ್ರಶ್ನೆ ಕೇಳಬೇಕಾಗಿ ಬಂದದ್ದು ಇದೇ ಮೊದಲು. ಪಕ್ಕದ ಗಾಜಿನ ಬೀರುವಿನಲ್ಲಿ ಊರವರ ಬಾಯಿಗಳ ಸುಣ್ಣದ ಅಚ್ಚುಗಳು ಸಾಲಾಗಿ ಹಲ್ಲು ಕಿರಿಯುತ್ತಿದ್ದವು.

“ನಿನ್ನೆ ಸಂಜೆ ಶಾಲೇಲಿ ಏನು ಮಾಡ್ತಿದ್ರಿ?”

“ಮೈಕು ನೋಡೋಕೆ ಹೋಗಿದ್ದೆ. ಆ ಅಂತ ಅನ್ನಿ.” ಡಾಕ್ಟರು ಪುಟ್ಟ ಕನ್ನಡಿ ಅವಳ ಬಾಯಿಗೆ ಇಳಿಸಿದರು. “ಹತ್ತು ನಿಮಿಷ ಇದ್ದೆ, ಹಾಲಲ್ಲೇ ಇದ್ದೆ. ಹತ್ತನೇ ಕ್ಲಾಸು ಎಲ್ಲಿದೆ ಅಂತಾನೂ ಗೊತ್ತಿಲ್ಲ. ನಿಮ್ಮ ಲೈಬ್ರೇರಿಯನ್ ಇನ್ನೂ ಕುರ್ಚಿ ಎಣಿಸ್ತಾ ಇದ್ಲು, ನಾನು ಬಂದ್ಬಿಟ್ಟೆ.”

ಅಜ್ಜಿ ಕನ್ನಡಿಯನ್ನು ಕೈಯಿಂದಲೇ ಆಚೆ ಸರಿಸಿದಳು. “ಆ ಪ್ರಬಂಧ ಗೆದ್ರೆ ನಿಮ್ಮ ತಾತನ ಹೆಸರಿಗೆ ಪೆಟ್ಟು.”

“ನಾನು ಅದಕ್ಕೆ ಎಷ್ಟು ಅಂಕ ಹಾಕಿದೀನಿ ಗೊತ್ತಾ ನಿಮಗೆ? ಐವತ್ತಕ್ಕೆ ನಲವತ್ತೆಂಟು.”

ಅಜ್ಜಿ ತಲೆ ಎತ್ತಲು ಹೋದಳು, ಕುರ್ಚಿ ಬಿಡಲಿಲ್ಲ.

ಡಾಕ್ಟರು ಮುಖಕ್ಕೆ ಕಟ್ಟಿಕೊಂಡಿದ್ದ ಬಟ್ಟೆಯನ್ನು ಗದ್ದಕ್ಕೆ ಇಳಿಸಿದರು. ಐವತ್ತು ದಾಟಿದ, ನಿದ್ದೆ ಸಾಲದ ಮುಖ. “ಆರು ವರ್ಷದವನಿದ್ದಾಗಿಂದ ಆ ಪ್ರತಿಮೆ ಕೆಳಗೆ ನಿಂತು ಭಾಷಣ ಮಾಡಿದೀನಿ ಮೇಡಂ. ಪ್ರತಿವರ್ಷ ಅದೇ ಭಾಷಣ. ನಮ್ಮ ತಾತ ಚೀಟಿ ಹರಿದದ್ದು ಸುಳ್ಳಲ್ಲ. ಆದ್ರೆ ಅವರಿಗಿಂತ ಮೊದಲು ಒಬ್ಬಳು ಚೀಟಿ ಇಲ್ದೆ ನಡೆದುಹೋಗಿದ್ಲು ಅಂತ ಓದಿದಾಗ ನನಗೆ ಹಗುರ ಆಯ್ತು. ನೀವು ನಂಬಲ್ಲ, ಬಿಡಿ.”

ಅಜ್ಜಿ ನಂಬಲಿಲ್ಲ. ಇಷ್ಟು ಚೆನ್ನಾಗಿ ಮಾತಾಡುವವರನ್ನು ಅವಳು ಒಮ್ಮೆಲೇ ನಂಬಿದವಳೇ ಅಲ್ಲ. ಆದರೆ ಅಂಕದ ಪಟ್ಟಿ ಸುಳ್ಳು ಹೇಳಲಾರದು, ನಾಲ್ಕು ಗಂಟೆಗೆ ಎಲ್ಲರ ಮುಂದೆ ತೆರೆಯುವ ಕಾಗದ ಅದು.

“ಪುಸ್ತಕ ಬೀಗದೊಳಗೆ ಹೋಗಿದ್ದು ನಿಮ್ಮ ಮನೆಯವರಿಂದಲೇ ಅಲ್ವಾ?”

“ನಮ್ಮಪ್ಪ ಒಂದು ಕಾಗದ ಬರೆದ್ರು. ಈ ಪುಸ್ತಕ ಓದೋರ ಕೈಗೆ ಕೊಡಬೇಡಿ ಅಂತ. ಬರೆದಿದ್ದು ಹೌದು.” ಡಾಕ್ಟರು ಸಲಕರಣೆಗಳನ್ನು ತಟ್ಟೆಗೆ ಇಟ್ಟರು. “ಆದ್ರೆ ಲೈಬ್ರರಿ ಬೀಗದ ಕೈ ನಮ್ಮಪ್ಪನ ಹತ್ರ ಇರ್ಲಿಲ್ಲ. ಅದನ್ನ ಓದಿ, ಆಗ್ಲಿ ಅಂತ ರುಜು ಹಾಕಿದೋರು ಯಾರೋ ಇರ್ಬೇಕಲ್ಲ. ಹುಡುಗಿನೂ ಕೊನೇ ಸಾಲಲ್ಲಿ ಅದನ್ನೇ ಕೇಳಿದಾಳೆ. ಓದಿದೀರಾ?”

ಅಜ್ಜಿ ಓದಿದ್ದಳು. ‘ಮನೆಗೆ ಹೋಗಲು ಯಾರ ಅಪ್ಪಣೆ ಎಂದು ಆಕೆ ಕೇಳಿದಳು. ಈ ಪುಸ್ತಕಕ್ಕೆ ಬೀಗ ಹಾಕಲು ಯಾರ ಅಪ್ಪಣೆ ಎಂದು ನಾನು ಕೇಳುತ್ತೇನೆ.’ ಚೆನ್ನಾಗಿ ಬರೆದಿದ್ದಾಳೆ ಎಂದು ಮೆಚ್ಚಿ ಮುಂದಕ್ಕೆ ಹೋಗಿದ್ದಳು. ಈಗ ಆ ಸಾಲು ದೀಪದ ಬೆಳಕಿನ ಜೊತೆಗೆ ಕಣ್ಣಿಗೆ ಚುಚ್ಚಿತು. ಎಷ್ಟೋ ಕಾಗದಗಳಿಗೆ ರುಜು ಹಾಕಿದ್ದಳು. ಯಾವ ಯಾವುದಕ್ಕೆ ಎಂದು ಯಾರು ನೆನಪಿಟ್ಟುಕೊಳ್ಳುತ್ತಾರೆ?

“ಪ್ರಬಂಧಗಳನ್ನ ಕಮಿಟಿ ಬಿಟ್ಟು ಇನ್ಯಾರಾದ್ರೂ ನೋಡಿದಾರಾ?”

ಡಾಕ್ಟರು ಸ್ವಲ್ಪ ನಾಚಿಕೊಂಡರು. “ಒಬ್ಬರಿಗೆ ಕೊಟ್ಟಿದ್ದೆ. ತಪ್ಪೇ. ಹತ್ತು ದಿನದ ಹಿಂದೆ ನಿಮ್ಮ ತಮ್ಮ ಬಂದಿದ್ರಲ್ಲ, ಹೊಸ ಹಲ್ಲಿನ ಸೆಟ್ಟಿಗೆ ಅಳತೆ ಕೊಡೋಕೆ. ಬಾಯಿ ತುಂಬ ಅಚ್ಚಿನ ಹಿಟ್ಟು, ಮಾತಾಡೋ ಹಾಗಿಲ್ಲ. ಓದೋಕೆ ಏನಾದ್ರೂ ಕೊ‌ಡಿ ಅಂತ ಕೈಸನ್ನೆ ಮಾಡಿದ್ರು. ಮೇಜಿನ ಮೇಲೆ ಅದೇ ಇತ್ತು. ಓದಿದ್ರು. ಓದಿ, ಹಿಟ್ಟು ಗಟ್ಟಿಯಾಗೋ ಮೊದಲೇ ಉಗಿದುಬಿಟ್ರು. ಮತ್ತೆ ಅಳತೆ ತೆಗೀಬೇಕಾಯ್ತು.”

ಹತ್ತು ದಿನದ ಹಿಂದೆ ಓದಿದ್ದು, ಒಂಬತ್ತು ದಿನದ ಹಿಂದೆ ಪುಸ್ತಕ ಮಾಯವಾದದ್ದು. ಬಾಗಿಲಲ್ಲಿ ತಡೆದು ನಿಲ್ಲಿಸಿದ್ದ ಸಂಶಯ ಈಗ ಒಳಗೆ ಬಂದು ಕೂತಿತು.

“ಎದ್ದೇಳಿ ಮೇಡಂ,” ಎಂದರು ಡಾಕ್ಟರು. “ಹಲ್ಲು ಗಟ್ಟಿಯಾಗಿದೆ. ಮುಖ ಯಾಕೋ ಬಿಳುಚಿಕೊಂಡಿದೆ.”

*

ತಮ್ಮನಿಗೆ ಅರವತ್ಮೂರು. ಹದಿನೈದನೇ ವಯಸ್ಸಿನಿಂದ ಪುಸ್ತಕಕ್ಕೆ ರಟ್ಟು ಕಟ್ಟಿ ಕಟ್ಟಿ ಬೆರಳಿನ ಗೆರೆಗಳೆಲ್ಲ ಗೋಂದಿನಿಂದ ತುಂಬಿಹೋದವನು, ಊರಿಗೆಲ್ಲ ಗೋಂದಣ್ಣ. ಲೈಬ್ರರಿಯ ಹರಿದ ಪುಸ್ತಕಗಳನ್ನು ಮನೆಗೆ ತಂದು ರಿಪೇರಿ ಮಾಡಿ ವಾರಕ್ಕೊಮ್ಮೆ ಕಟ್ಟು ಕಟ್ಟಿ ತಲುಪಿಸುತ್ತಾನೆ. ಮದುವೆಯಾಗಲಿಲ್ಲ. ಅಕ್ಕನೂ ಆಗಲಿಲ್ಲ. ಅವಳು ಹುಡುಕುವ ಪ್ರತಿ ಸಂಗತಿಯನ್ನೂ ಮೊದಲು ಕೇಳುವವನು ಅವನೇ, ಟೀ ಆರುವವರೆಗೆ ಕೂತು ಕೇಳುತ್ತಾನೆ. ಈ ಒಂದು ವಿಷಯದಲ್ಲಿ ಮಾತ್ರ ಏನೂ ಕೇಳಿರಲಿಲ್ಲ. ಅದು ಅಜ್ಜಿಗೆ ಹೊಳೆದದ್ದು ಈಗ, ಮನೆಯ ಮೆಟ್ಟಿಲು ಹತ್ತುವಾಗ.

ಗಂಟೆ ಮೂರು ಹತ್ತು. ಅಜ್ಜಿ ಚಪ್ಪಲಿ ಬಿಚ್ಚಿದವಳೇ ಶೋಕೇಸಿನ ಮುಂದೆ ನಿಂತಳು. ಮುದ್ರೆ ಅದರ ಜಾಗದಲ್ಲೇ ಇತ್ತು. ಧೂಳಿನ ಮೇಲೆ ಮುಂಚೆ ಅದು ಕೂತಿದ್ದ ದುಂಡು ಗುರುತು ಅರ್ಧ ಬೆರಳಿನಷ್ಟು ಪಕ್ಕಕ್ಕೆ ಕಾಣುತ್ತಿತ್ತು. ಎತ್ತಿ ಹೆಬ್ಬೆರಳಿಗೆ ಒತ್ತಿಕೊಂಡಳು. ಚರ್ಮದ ಮೇಲೆ ನೇರಳೆ ಬಣ್ಣದ ಗೆರೆ ಮೂಡಿತು.

“ಹುಡುಗಿ ಏನಂದ್ಲು ಅಕ್ಕ?” ಎಂದ ತಮ್ಮ, ಹಿಂದಿನಿಂದ.

“ಅವರು ಒಳ್ಳೆಯವರು, ಬರ್ತಾರೆ ಅಂದ್ಲು.”

ಅಜ್ಜಿ ತಿರುಗಿ ಹೆಬ್ಬೆರಳು ತೋರಿಸಿದಳು. ತಮ್ಮ ಅದನ್ನು ನೋಡಿದ. ಹೊಸ ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದು ಲೋಟದ ನೀರಿಗೆ ಹಾಕಿದ. ಮಾತು ಬೇಡವಾದಾಗ ಅವನು ಹಾಗೆ ಮಾಡುತ್ತಿದ್ದ. ಅಜ್ಜಿ ಸೆಟ್ಟನ್ನು ಲೋಟದಿಂದ ಎತ್ತಿ ಅವನ ಕೈಗೇ ವಾಪಸ್ಸು ಕೊಟ್ಟಳು.

“ಹಾಕ್ಕೋ. ಇವತ್ತು ಮಾತಾಡ್ಬೇಕು.”

ಅವನು ಕೆಲಸದ ಮಣೆಯ ಮೇಲೆ ಕುಸಿದು ಕೂತ, ಅಜ್ಜಿ ಎದುರಿಗೆ ಕೂತಳು. “ಕೆಂಪು ಬೆನ್ನಿಂದು ನಂದೇ. ಕೆಲಸ ಕಲಿಯೋವಾಗ ಆ ಪುಸ್ತಕ ಕಟ್ಟಿದ್ದು ನಮ್ಮ ಅಂಗಡಿಯಲ್ಲೇ. ಮಿಕ್ಕ ಹಾಳೆ ಜೋಡಿಸಿ ನನಗೊಂದು ಮಾಡ್ಕೊಂಡಿದ್ದೆ. ಆ ಮಗು ಲೈಬ್ರರೀಲಿ ದಿನಚರಿ ಕೇಳಿ, ಇಲ್ಲ ಅನ್ನಿಸಿಕೊಂಡು ಪೆಚ್ಚಾಗಿ ಹೋಗ್ತಿತ್ತು. ಕರೆದು ಕೊಟ್ಟೆ. ಯಾರಿಗೂ ಹೇಳ್ಬೇಡ ಅಂದೆ.”

“ಲೈಬ್ರರಿ ಪ್ರತಿ?”

“ಅದನ್ನೂ ನಾನೇ ತಂದೆ. ರಿಪೇರಿಗೆ ಅಂತ ಬೀರು ತೆಗೆಸಿದಾಗ.”

“ಯಾಕೋ? ಒಂದು ಇರ್ಲಿಲ್ವಾ ನಿನ್ನ ಹತ್ರ?”

ತಮ್ಮ ಬಗ್ಗಿದ. ಮಣೆಯ ಕೆಳಗಿನ ರಟ್ಟುಗಳ ನಡುವಿಂದ ಅಂಥದ್ದೇ ಬೂದು ಪುಸ್ತಕ ಎಳೆದು ಅಕ್ಕನ ಮಡಿಲಿಗೆ ಇಟ್ಟ. ಅದರ ಇಪ್ಪತ್ತೊಂದನೇ ಪುಟದಲ್ಲಿ ಮಸುಕಾದ ಮುದ್ರೆ ಇತ್ತು. ಹಿಂದಿನ ರಟ್ಟಿಗೆ ಒಂದು ಚೀಟಿ ಅಂಟಿಸಿತ್ತು.

‘ಓದುಗರಿಗೆ ಕೊಡಕೂಡದು.’ ಕೆಳಗೆ ಮೂವತ್ತೊಂದು ವರ್ಷದ ಹಿಂದಿನ ತಾರೀಕು. ಅದರ ಕೆಳಗೆ ಅವಳ ರುಜು.

ಅಜ್ಜಿಗೆ ಕೂರಬೇಕೆನ್ನಿಸಿತು, ಆಮೇಲೆ ತಾನು ಕೂತೇ ಇದ್ದೇನೆಂದು ತಿಳಿಯಿತು. ಕಾಗದ ತಂದವರ ಮುಖವಾಗಲಿ, ಆ ದಿನವಾಗಲಿ ನೆನಪಿಗೆ ಬರಲಿಲ್ಲ. ರುಜು ಮಾತ್ರ ಚೊಕ್ಕವಾಗಿತ್ತು, ಬಾಲ ಎಳೆದು ಎರಡು ಚುಕ್ಕೆ ಇಟ್ಟು. ಊರಿನ ಮಕ್ಕಳಿಗೆಲ್ಲ ಗಪ್‌ಚಿಪ್ ಅಂದವಳು ಆ ಒಗೆಯುವ ಹೆಂಗಸಿಗೂ ಗಪ್‌ಚಿಪ್ ಅಂದಿದ್ದಳು.

“ಯಾರ ಅಪ್ಪಣೆ ಅಂತ ಆ ಮಗು ಕೇಳಿದಾಳೆ,” ಎಂದ ತಮ್ಮ. “ನಾಲ್ಕು ಜನರ ಮುಂದೆ ಪುಸ್ತಕ ಬಿಚ್ಚಿದ್ರೆ ಇದು ಕಾಣ್ತಿತ್ತು. ನಿನ್ನ ಹೆಸರು ಬರಬಾರದು ಅಂತ ತಂದೆ. ಆ ಮೇಲೆ ಕಳುವಾಗಿದೆ ಅಂತ ಗಲಾಟೆ ಎದ್ದಿತು. ನನ್ನ ಪ್ರತಿಗೇ ಕಪ್ಪು ಬೆನ್ನು ಹಾಕಿ, ಮುದ್ರೆ ಒತ್ತಿ ವಾಪಸ್ ಕೊಟ್ರೆ ಎಲ್ಲ ಸರಿಹೋಗುತ್ತೆ ಅಂದ್ಕೊಂಡೆ. ಚೀಟಿ ಇಲ್ಲ, ಕಳ್ಳರೂ ಇಲ್ಲ.”

“ವಾಪಸ್ ಕೊಡೋದು ಅಂದ್ರೆ ಮಗು ಡೆಸ್ಕಿಗೆ ತುರುಕೋದಾ? ನಿನ್ನ ನಂಬ್ಕೊಂಡು ಬಾಯಿ ಬಿಡದೆ ನಿಂತಿದೆ ಕಣೋ ಅದು.”

“ಡೆಸ್ಕಾ?” ತಮ್ಮ ಬೆಚ್ಚಿ ತಲೆ ಎತ್ತಿದ. “ಯಾವ ಡೆಸ್ಕು? ನಾನು ಶಾಲೆ ಕಡೆಗೇ ಹೋಗಿಲ್ಲ ಅಕ್ಕ. ಮೊನ್ನೆ ರಿಪೇರಿ ಕಟ್ಟಿನ ಜೊತೆ ಕೈಯಾರೆ ಕೊಟ್ಟು ಬಂದೆ. ಒಂದು ಹಾಳೆನೂ ಹರಿದಿರ್ಲಿಲ್ಲ.”

“ಯಾರ ಕೈಗೆ?”

ಅವನು ಗೂಡಿನಿಂದ ಹಳದಿ ರಸೀದಿ ತೆಗೆದ. ಪ್ರತಿ ವಾರ ಬರೆಯುವಂಥದ್ದೇ. ರಿಪೇರಿಯಾದ ಹನ್ನೆರಡು ಪುಸ್ತಕಗಳ ಹೆಸರು, ಅವನ ಗುಂಡು ಗುಂಡು ಅಕ್ಷರದಲ್ಲಿ. ಹನ್ನೆರಡನೆಯದು ‘ಸೇತುವೆ ಕಾವಲುಗಾರನ ದಿನಚರಿ’. ಎಲ್ಲ ಬಂದಿವೆ ಎಂದು ಕೆಳಗೆ ಮೊನ್ನೆಯ ತಾರೀಕು ಹಾಕಿ ರುಜು ಮಾಡಿದ್ದಳು ಲೈಬ್ರೇರಿಯನ್.

“ಪಟ್ಟಿ ಓದಿದ್ಲು, ನನ್ನ ಮುಖ ನೋಡಿದ್ಲು,” ಎಂದ ತಮ್ಮ. “ಏನೂ ಕೇಳ್ಲಿಲ್ಲ. ಒಳ್ಳೇದಾಯ್ತು ಅಂತ ರುಜು ಹಾಕಿದ್ಲು. ನಾನೂ ಒಳ್ಳೇದಾಯ್ತು ಅಂತ ಬಂದ್ಬಿಟ್ಟೆ.”

ಒಂಬತ್ತು ದಿನ ಆದ್ಮೇಲೆ ಇವತ್ತು ಈ ಮೇಜಿನ ಮೇಲೇ ಕಣ್ಣಿಗೆ ಬಿದ್ದಿದ್ದು. ಬೆಳಿಗ್ಗೆ ಎಷ್ಟು ಸಲೀಸಾಗಿ ಹೇಳಿದ್ದಳು. ಮಧ್ಯಾಹ್ನ ಎಷ್ಟು ದಾಕ್ಷಿಣ್ಯದಿಂದ ಬಾಯಿ ಮುಚ್ಚಿಕೊಂಡಿದ್ದಳು. ನಿನ್ನೆ ಸಂಜೆ ಡಾಕ್ಟರು ಹೋದ ಮೇಲೂ ಶಾಲೆಯಲ್ಲಿ ಉಳಿದವಳು ಅವಳೇ, ಬೀರುವಿನ ಬೀಗದ ಕೈ ಇಟ್ಟುಕೊಂಡವಳ ಮೇಲೆ ಮಾತು ಬಾರದಿರಲು ಒಬ್ಬ ಕಳ್ಳಿ ಬೇಕಿತ್ತು.

ಅಜ್ಜಿ ಮಡಿಲಲ್ಲಿ ತೆರೆದಿದ್ದ ರಟ್ಟಿನ ಚೀಟಿಯ ಪಕ್ಕಕ್ಕೆ ರಸೀದಿಯನ್ನು ಇಟ್ಟುಕೊಂಡಳು. ಒಂದರ ಮೇಲೆ ಅವಳ ರುಜು, ಇನ್ನೊಂದರ ಮೇಲೆ ಅವಳು ಕೈ ಹಿಡಿದು ಕೆಲಸ ಕಲಿಸಿದವಳ ರುಜು. ಹುಡುಗಿಯನ್ನು ಬಿಡಿಸಲು ಎರಡನೆಯದನ್ನು ತೋರಿಸಬೇಕು. ತೋರಿಸಿದರೆ ಮೊದಲನೆಯದು ತಾನಾಗಿಯೇ ಹೊರಗೆ ಬರುತ್ತದೆ. ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಅವಳು ಎದ್ದು ರಸೀದಿಯನ್ನು ಪುಸ್ತಕದೊಳಗೆ ಇಟ್ಟು ಪುಸ್ತಕವನ್ನು ಚೀಲಕ್ಕೆ ಹಾಕಿದಳು.

“ಅಕ್ಕ, ಚೀಟಿ ಕಿತ್ತಿಡು. ರಸೀದಿ ಒಂದೇ ಸಾಕು,” ಎಂದ ತಮ್ಮ.

“ಆ ಮಗು ಪ್ರಶ್ನೆ ಕೇಳಿದೆ. ಉತ್ತರ ನನ್ನ ಹತ್ರ ಇದೆ,” ಎಂದಳು ಅಜ್ಜಿ. ಬಾಗಿಲ ಬಳಿ ಬಂದು ಚಪ್ಪಲಿ ಮೆಟ್ಟಿದಳು.

ಆಗ ಗೇಟಿನ ಚಿಲಕ ಸದ್ದಾಯಿತು. ಲೈಬ್ರೇರಿಯನ್ ಮೆಟ್ಟಿಲ ಕೆಳಗೆ ನಿಂತಿದ್ದಳು. ಬೀದಿಯಲ್ಲಿ ಅವಳು ಬಂದ ಕಾರಿನ ಇಂಜಿನ್ನು ಇನ್ನೂ ಓಡುತ್ತಿತ್ತು.

“ಶಾಲೆಗೆ ಬಿಸಿಲಲ್ಲಿ ಯಾಕೆ ನಡೀತೀರ ಅಂತ ಬಂದೆ ಮೇಡಂ,” ಎಂದಳು ನಗುತ್ತ. ಕಣ್ಣು ಮಾತ್ರ ಅಜ್ಜಿಯ ಹೆಗಲ ಮೇಲಿನ ಚೀಲವನ್ನು ಬಿಟ್ಟು ಕದಲಲಿಲ್ಲ. “ಗೋಂದಣ್ಣ ಇದಾರಲ್ಲ ಒಳಗೆ? ಮೊನ್ನೆ ಒಂದು ರಸೀದಿಗೆ ಓದದೇ ರುಜು ಹಾಕ್ಬಿಟ್ಟಿದೀನಿ. ಅದು ನನಗೆ ಈಗ್ಲೇ ವಾಪಸ್ ಬೇಕು.”